ರಾತ್ರಿ ಎತ್ತಿಟ್ಟ ಇಂಜಿನ್ ಬೆಳಗ್ಗೆ ನೀರಲ್ಲಿ! ಔಟ್‌ಬೋರ್ಡ್ ಟಿಲ್ಟ್ ಯಾಕೆ ನಿಲ್ಲುತ್ತಿಲ್ಲ?

ಶರಾವತಿ ದೋಣಿ, ಹೊನ್ನಾವರ

ಎಲ್ಲರಿಗೂ ನಮಸ್ಕಾರ. ಪ್ರವಾಸಿಗರನ್ನು ಶರಾವತಿ ಹಿನ್ನೀರಲ್ಲಿ, ಕಾಂಡ್ಲಾ ಕಾಡಿನ ಕಡೆ ಸುತ್ತಾಡಿಸುವ ಬೋಟು ನನ್ನದು. 60 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಡೆ ಕೂರಿಸುವ ಇಂಜಿನ್), ಪವರ್ ಟ್ರಿಮ್-ಟಿಲ್ಟ್ ಇದೆ, ಅಂದರೆ ಬಟನ್ ಒತ್ತಿದರೆ ಆಯಿಲ್ ಒತ್ತಡದಲ್ಲಿ ಇಂಜಿನ್ ಎತ್ತಿ ಇಳಿಸುವ ಯುನಿಟ್. ಒಂದೇ ರ‍್ಯಾಮ್ (ಇಂಜಿನ್ ಎತ್ತುವ ಸಿಲಿಂಡರ್) ಇರುವ ಮಾದರಿ. ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಯಿತು.

ಸಂಜೆ ಧಕ್ಕೆಗೆ ಕಟ್ಟಿ, ಬಟನ್ ಒತ್ತಿ ಇಂಜಿನ್ ಪೂರ್ತಿ ಮೇಲೆ ಎತ್ತಿಡುತ್ತೇನೆ. ಬೆಳಗ್ಗೆ ಬಂದು ನೋಡಿದರೆ ಪ್ರೊಪೆಲ್ಲರ್ ನೀರಲ್ಲಿ ಮುಳುಗಿರುತ್ತದೆ. ಇಳಿತ ಜಾಸ್ತಿ ಇದ್ದ ದಿನ ಇಂಜಿನ್ನಿನ ಕಾಲು (ಪ್ರೊಪೆಲ್ಲರ್ ಇರುವ ಕೆಳಭಾಗ) ಕೆಸರಿಗೇ ಹೂತಿರುತ್ತದೆ. ಟಿಲ್ಟ್ ಲಾಕ್ ಲಿವರ್ ಹಾಕಿ ನಿಲ್ಲಿಸುತ್ತಿದ್ದೆ. ಅದೂ ಈಗ ಸ್ವಲ್ಪ ಬಾಗಿದೆ. ತೋರಿಸಿದ ಕಡೆ "ಇಡೀ ಯುನಿಟ್ ಬದಲಿಸಿ" ಅಂದರು. ಆ ದುಡ್ಡಿಗೆ ಸಣ್ಣ ದೋಣಿಯೇ ಬರುತ್ತದೆ. ರಿಪೇರಿ ಆಗುವುದಿಲ್ಲವಾ?

ಗಂಗೊಳ್ಳಿ ನಾಡದೋಣಿ

ನಮ್ಮ 9.9 ಎಚ್‌ಪಿ ಇಂಜಿನ್‌ಗೆ ಈ ತಲೆನೋವೇ ಇಲ್ಲ ಮಾರಾಯ್ರೆ. ಕೈಯಲ್ಲಿ ಎತ್ತುವುದು, ಕೊಕ್ಕೆ ಸಿಕ್ಕಿಸುವುದು, ಮನೆಗೆ ಹೋಗುವುದು. 😄

ಮಲ್ಪೆ ಮೆಕ್ಯಾನಿಕ್

ಗಂಗೊಳ್ಳಿಯವರೇ, 60 ಎಚ್‌ಪಿಯನ್ನು ಕೈಯಲ್ಲಿ ಎತ್ತಿ ತೋರಿಸಿ, ಆಮೇಲೆ ಮಾತಾಡುವ. ನೂರು ಕೆಜಿಗಿಂತ ಮೇಲಿರುತ್ತದೆ ಅದು.

ಹೊನ್ನಾವರದವರೇ, ಯುನಿಟ್ ಬದಲಿಸುವ ಮಾತು ಈಗಲೇ ಬೇಡ. ಮೊದಲು ನನಗೆ ಇಷ್ಟು ಹೇಳಿ. ಮೇಲೆ ಹೋಗುವಾಗ ಜೋರಾಗಿ ಹೋಗುತ್ತದಾ, ತೇಕುತ್ತಾ ಹೋಗುತ್ತದಾ? ರಿವರ್ಸ್ ಹಾಕಿ ರೇಸ್ ಕೊಟ್ಟರೆ ಕಾಲು ತಾನಾಗಿ ಹಿಂದಕ್ಕೆ ಎದ್ದು ಬರುತ್ತದಾ? ಹೊರಗೆ ಎಲ್ಲಾದರೂ ಆಯಿಲ್ ಜಿನುಗಿದ ಗುರುತು ಇದೆಯಾ? ಟಿಲ್ಟ್ ಆಯಿಲ್ ಟ್ಯಾಂಕಿನ ಲೆವೆಲ್ ನೋಡಿದ್ದೀರಾ?

ಲೆವೆಲ್ ನೋಡುವುದಿದ್ದರೆ ಇಂಜಿನ್ ಪೂರ್ತಿ ಮೇಲಿದ್ದಾಗ ಮಾತ್ರ ನೋಡಬೇಕು. ರ‍್ಯಾಮ್ ಹೊರಗೆ ಬಂದಾಗ ಆಯಿಲ್ ಸಿಲಿಂಡರ್‌ಗೆ ಹೋಗಿರುತ್ತದೆ, ಟ್ಯಾಂಕಲ್ಲಿ ಕಡಿಮೆ ಇರುತ್ತದೆ. ಆಗ ಬಿರಡೆಯ ತೂತಿನ ಅಂಚಿನವರೆಗೆ ಇದ್ದರೆ ಸರಿ. ಇಂಜಿನ್ ಕೆಳಗಿದ್ದಾಗ ಬಿರಡೆ ಬಿಚ್ಚಿದರೆ ಆಯಿಲ್ ಮುಖಕ್ಕೇ ಹಾರುತ್ತದೆ. ಇನ್ನೊಂದು ಮಾತು, ಲಾಕ್ ಲಿವರ್ ಬಾಗಿದೆ ಅಂದಿರಿ. ಅದನ್ನು ನಂಬಿ ಕೆಳಗೆ ಕೈ ಹಾಕಬೇಡಿ. ಗಟ್ಟಿ ಮರದ ತುಂಡು ಕೊಟ್ಟು ಕಟ್ಟಿ.

ಶರಾವತಿ ದೋಣಿ

ಮೊದಲು 12 ಸೆಕೆಂಡಿಗೆ ಮೇಲೆ ಬರುತ್ತಿತ್ತು, ಈಗ 20 ಆಗುತ್ತದೆ. ಆದರೂ ಪೂರ್ತಿ ಬರುತ್ತದೆ. ರಿವರ್ಸಲ್ಲಿ ಎದ್ದು ಬರುವುದಿಲ್ಲ. ಹೊರಗೆ ಒಂದು ಹನಿ ಆಯಿಲ್ ಇಲ್ಲ. ಲೆವೆಲ್ ಸರಿ ಇದೆ. ಏಪ್ರಿಲ್‌ನಲ್ಲಿ ಕಡಿಮೆ ಇತ್ತು, ಆಗ ತುಂಬಿಸಿದ್ದೆ.

ಮಲ್ಪೆ ಮೆಕ್ಯಾನಿಕ್

ಹಾಗಾದರೆ ಪಂಪ್, ಮೋಟಾರ್ ಎರಡೂ ಬದುಕಿವೆ. ರಿವರ್ಸಲ್ಲಿ ಏಳುವುದಿಲ್ಲ ಅಂದರೆ ಕೆಳಕ್ಕೆ ಹಿಡಿದಿಡುವ ಕಡೆ ಸರಿ ಇದೆ. ಮೇಲೆ ಎತ್ತಿ ಹಿಡಿಯುವ ಕಡೆ ಆಯಿಲ್ ಒಳಗಿಂದ ಒಳಗೇ ಕದ್ದು ಹೋಗುತ್ತಿದೆ.

ಮೊದಲ ಅನುಮಾನ ಮ್ಯಾನುಯಲ್ ವಾಲ್ವ್. ಬ್ರ್ಯಾಕೆಟ್ ಬದಿಯ ತೂತಿನಲ್ಲಿ ದೊಡ್ಡ ಸೀಳಿರುವ ಸ್ಕ್ರೂ ಕಾಣುತ್ತದೆ ನೋಡಿ. ಬ್ಯಾಟರಿ ಸತ್ತಾಗ ಅದನ್ನು ಸಡಿಲ ಮಾಡಿದರೆ ಇಂಜಿನ್ ಕೈಯಲ್ಲಿ ಎತ್ತಬಹುದು. ಎಷ್ಟೋ ಸಲ ಯಾರೋ ಸಡಿಲ ಮಾಡಿ ಹಾಗೇ ಬಿಟ್ಟಿರುತ್ತಾರೆ, ಬಿಗಿ ಮಾಡಿದರೆ ಕಥೆ ಮುಗಿಯಿತು. ಬಿಗಿ ಇದ್ದೂ ಬೀಳುತ್ತಿದ್ದರೆ ಅದರ ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ ಅಂತ ಲೆಕ್ಕ. ಇಂಜಿನ್‌ಗೆ ಮರದ ಆಸರೆ ಕೊಡಿ, ಸ್ಕ್ರೂ ಸಡಿಲ ಮಾಡಿ ಒತ್ತಡ ಬಿಡಿ, ಎದುರಿನ ಸರ್ಕ್ಲಿಪ್ (ಸ್ಕ್ರೂ ಹೊರಬರದಂತೆ ಹಿಡಿಯುವ ಸ್ಪ್ರಿಂಗ್ ಉಂಗುರ) ತೆಗೆಯಿರಿ. ಸ್ಕ್ರೂ ಹೊರಗೆ ಬರುತ್ತದೆ. ಉಪ್ಪು ಹಿಡಿದಿದ್ದರೆ ಜೋರು ಮಾಡಬೇಡಿ. ಸೀಳು ಹರಿದು ಹೋದರೆ ಆಮೇಲೆ ದೇವರೇ ಗತಿ.

ಹುಬ್ಬಳ್ಳಿ ಹೈಡ್ರಾಲಿಕ್

ನಾನು ಜೆಸಿಬಿ ರಿಪೇರಿ ಮಾಡುವವನ್ರಿ. ಸಮುದ್ರದ ಇಂಜಿನ್ ಮುಟ್ಟಿಲ್ಲ. ಆದರೆ ಸಿಲಿಂಡರ್ ಸಿಲಿಂಡರೇ ಅಲ್ವಾ? ಅದಕ್ಕೆ ಒಂದು ಮಾತು.

ಜೆಸಿಬಿಯ ಬೂಮ್ (ಎತ್ತುವ ತೋಳು) ಕುಸಿಯಿತು ಅಂದ ಕೂಡಲೇ ಎಲ್ಲರೂ ಪಿಸ್ಟನ್ ಸೀಲ್ ಹೋಗಿದೆ ಅಂತಾರೆ. ಸಿಲಿಂಡರ್ ಬಿಚ್ಚುತ್ತಾರೆ. ಸ್ವಲ್ಪ ಯೋಚನೆ ಮಾಡ್ರಿ. ರಾಡ್ ಒಳಗೆ ಇಳಿಯಬೇಕಾದರೆ ಆ ರಾಡಿನ ಗಾತ್ರದಷ್ಟು ಆಯಿಲ್ ಸಿಲಿಂಡರಿನಿಂದ ಆಚೆ ಹೋಗಲೇಬೇಕು. ಎರಡೂ ಕಡೆ ದಾರಿ ಬಂದ್ ಇದ್ದರೆ, ಪಿಸ್ಟನ್ ಸೀಲ್ ಪೂರ್ತಿ ಹರಿದಿದ್ದರೂ ಕೆಳಗಿನ ಆಯಿಲ್ ಮೇಲೆ ಬಂದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ರಾಡ್ ಸ್ವಲ್ಪ ಅಲುಗಿ ನಿಲ್ಲುತ್ತದೆ. ಪೂರ್ತಿ ಬೀಳುತ್ತಿದೆ ಅಂದರೆ ಎಲ್ಲೋ ವಾಲ್ವ್ ದಾರಿ ಬಿಡುತ್ತಿದೆ. ನಿಮ್ಮ ಯುನಿಟ್ಟಿನಲ್ಲೂ ಎರಡೂ ಕಡೆ ಚೆಕ್ ವಾಲ್ವ್ (ಆಯಿಲನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇದ್ದರೆ ಇದೇ ಲೆಕ್ಕ. ಅದಕ್ಕೆ ಮಲ್ಪೆ ಅಣ್ಣ ಹೇಳಿದ್ದು ಸರಿ, ಮೊದಲು ವಾಲ್ವ್.

ಭಟ್ಕಳ ಟು ಶಾರ್ಜಾ

ಹುಬ್ಬಳ್ಳಿ ಭಾಯ್, ಬಹಳ ಚೆನ್ನಾಗಿ ಹೇಳಿದಿರಿ. ನಾನು ಇಲ್ಲಿ ಬೋಟ್ ವರ್ಕ್‌ಶಾಪಲ್ಲಿದ್ದೇನೆ. ಹೊಸ ಹುಡುಗರಿಗೆ ಇದನ್ನು ಅರ್ಥ ಮಾಡಿಸಲು ವಾರ ಬೇಕು.

ಒಂದು ಸೇರಿಸುತ್ತೇನೆ. ದೊಡ್ಡ ಇಂಜಿನ್‌ಗಳಲ್ಲಿ ಮೂರು ರ‍್ಯಾಮ್ ಇರುತ್ತವೆ. ನಡುವೆ ಉದ್ದದ ಟಿಲ್ಟ್ ರ‍್ಯಾಮ್, ಎರಡು ಬದಿಗೆ ಗಿಡ್ಡ ಟ್ರಿಮ್ ರ‍್ಯಾಮ್. ಆ ಗಿಡ್ಡ ರ‍್ಯಾಮ್‌ಗಳು ತಳ್ಳುತ್ತವೆ ಅಷ್ಟೆ, ಎಳೆಯುವುದಿಲ್ಲ. ಎಷ್ಟೋ ಯುನಿಟ್‌ಗಳಲ್ಲಿ ಅವುಗಳ ಮೇಲಿನ ಭಾಗ ನೇರ ಟ್ಯಾಂಕಿಗೆ ತೆರೆದಿರುತ್ತದೆ. ಅಲ್ಲಿ ಸೀಲ್ ಹೋದರೆ ಆಯಿಲ್ ಟ್ಯಾಂಕಿಗೆ ವಾಪಸ್, ಇಂಜಿನ್ ಕೆಳಗೆ, ಹೊರಗೆ ಒಂದು ಹನಿ ಇಲ್ಲ. ಹೊನ್ನಾವರದವರದು ಒಂದೇ ರ‍್ಯಾಮ್, ಆ ಚಿಂತೆ ಇಲ್ಲ.

ಕಾಳಿ ನದಿ, ಕಾರವಾರ

ನಡುವೆ ಬಾಯಿ ಹಾಕುತ್ತೇನೆ, ಬೇಜಾರಾಗಬೇಡಿ. ನನ್ನದು 90 ಎಚ್‌ಪಿ. ಡೌನ್ ಒತ್ತಿದರೆ ಸರಿಯಾಗಿ ಇಳಿಯುತ್ತದೆ. ಅಪ್ ಒತ್ತಿದರೆ ಟಿಕ್ ಅಂತ ಸದ್ದು, ಮೋಟಾರ್ ತಿರುಗುವುದಿಲ್ಲ. ಅಪ್ ರಿಲೇ (ಬಟನ್ ಒತ್ತಿದಾಗ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಹೊಸದು ಹಾಕಿದೆ. ಈಗ ಹೊಸ ರಿಲೇ ಟಿಕ್ ಅನ್ನುತ್ತಿದೆ, ಅಷ್ಟೇ ಬದಲಾವಣೆ. ಮೋಟಾರ್ ಬಿಚ್ಚಲಾ?

ಭಟ್ಕಳ ಟು ಶಾರ್ಜಾ

ಬೇಡ ಭಾಯ್, ಮೋಟಾರ್ ಮುಟ್ಟಬೇಡಿ. ಎರಡೇ ವೈರಿನದಾದರೆ ಡೌನ್‌ಗೆ ತಿರುಗುವ ಮೋಟಾರ್ ಅಪ್‌ಗೂ ತಿರುಗುತ್ತದೆ. ಅದೇ ಮೋಟಾರ್, ಕರೆಂಟ್ ಉಲ್ಟಾ ಅಷ್ಟೆ.

ನೀಲಿ ವೈರ್ ಅಪ್, ಹಸಿರು ಡೌನ್. ಯಮಹಾದಲ್ಲಿ ಆಕಾಶನೀಲಿ, ತಿಳಿಹಸಿರು. ಎರಡೇ ವೈರಿನ ಮೋಟಾರಿನಲ್ಲಿ, ಅಪ್ ಒತ್ತಿದಾಗ ಅಪ್ ರಿಲೇ ನೀಲಿಗೆ 12 ವೋಲ್ಟ್ ಕೊಡುತ್ತದೆ. ಆ ಕರೆಂಟ್ ಮೋಟಾರ್ ದಾಟಿ ಹಸಿರಿನಲ್ಲಿ ವಾಪಸ್ ಬಂದು ಎಲ್ಲಿಗೆ ಹೋಗಬೇಕು? ಸುಮ್ನೆ ಕೂತಿರುವ ಡೌನ್ ರಿಲೇಯ ಮೂಲಕ ನೆಗೆಟಿವ್‌ಗೆ. ಅಂದರೆ ಡೌನ್ ರಿಲೇ ಕೆಟ್ಟರೆ ಅಪ್ ನಿಲ್ಲುತ್ತದೆ! ಇದನ್ನು ಮರೆತು ಜನ ಅಪ್ ರಿಲೇ ಬದಲಿಸುತ್ತಲೇ ಇರುತ್ತಾರೆ.

ಮೀಟರಿನ ಕಪ್ಪು ಮೊನೆ ಬ್ಯಾಟರಿ ನೆಗೆಟಿವ್‌ಗೆ ಇಡಿ. ಯಾರಾದರೂ ಅಪ್ ಒತ್ತಲಿ. ಕೆಂಪು ಮೊನೆಯನ್ನು ಮೊದಲು ನೀಲಿಗೆ, ಆಮೇಲೆ ಹಸಿರಿಗೆ ಮುಟ್ಟಿಸಿ. ನೀಲಿಯಲ್ಲಿ 12, ಹಸಿರಿನಲ್ಲಿ ಸೊನ್ನೆ ಹತ್ತಿರ ಬಂದರೆ ರಿಲೇ ಎರಡೂ ಸರಿ. ಹಸಿರಿನಲ್ಲೂ 12 ಬಂದರೆ ವಾಪಸ್ ದಾರಿ ಕಡಿದಿದೆ. ಡೌನ್ ರಿಲೇ, ಅದರ ಸಾಕೆಟ್, ಅದರ ನೆಗೆಟಿವ್ ವೈರ್ ನೋಡಿ.

ಶರಾವತಿ ದೋಣಿ

ಇವತ್ತು ಮ್ಯಾನುಯಲ್ ವಾಲ್ವ್ ತೆಗೆದೆ. ಎರಡು ದಿನ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾದೆ, ಆಮೇಲೆ ಬಿಡ್ತು. ಮೂರು ಓ-ರಿಂಗ್ ಇದ್ದವು. ಒಂದೂ ಹರಿದಿಲ್ಲ. ಆದರೆ ವಿಚಿತ್ರ ನೋಡಿ. ಒಂದನ್ನು ಸ್ಕ್ರೂವಿನಿಂದ ಬಿಡಿಸಿ, ಒರೆಸಿ, ಮತ್ತೆ ಹಾಕಲು ಹೋದರೆ ಅದರ ತೋಡಿನಲ್ಲೇ ಕೂರುತ್ತಿಲ್ಲ. ಮೇಲೆ ಉಬ್ಬಿ ನಿಲ್ಲುತ್ತದೆ, ಗುಂಗುರು ಕೂದಲಿನ ಥರ ಅಲೆ ಅಲೆ. ಉಗುರಿನಿಂದ ಒತ್ತಿದರೆ ಮೆತ್ತಗೆ, ಹಲಸಿನ ಹಣ್ಣಿನ ಸೊಳೆ ಮುಟ್ಟಿದ ಹಾಗೆ. ವರ್ನಿಯರ್‌ನಲ್ಲಿ ಅಳೆದರೆ ದಪ್ಪ 2.2 ಮಿ.ಮೀ. ಇದು ಇಷ್ಟೇ ಇರಬೇಕಾ?

ಹುಬ್ಬಳ್ಳಿ ಹೈಡ್ರಾಲಿಕ್

2.2 ಅನ್ನುವ ಅಳತೆ ನಾನು ಕೇಳಿಲ್ರಿ. ಜಪಾನ್ ಇಂಜಿನ್ ಆದರೆ ಸಾಮಾನ್ಯವಾಗಿ 1.9, ಇಲ್ಲ 2.4, ಇಲ್ಲ 3.5. ಅಮೆರಿಕದ ಅಳತೆ ಆದರೆ 1.78, 2.62, 3.53. ನಿಮ್ಮದು 1.9 ಇದ್ದದ್ದು ಊದಿಕೊಂಡಿರಬೇಕು.

ಭಟ್ಕಳ ಟು ಶಾರ್ಜಾ

ಭಾಯ್, ಒಂದು ಪ್ರಶ್ನೆ. ಏಪ್ರಿಲ್‌ನಲ್ಲಿ ತುಂಬಿಸಿದೆ ಅಂದಿರಲ್ಲ, ಏನು ತುಂಬಿಸಿದಿರಿ?

ಶರಾವತಿ ದೋಣಿ

(ಒಂದು ದಿನ ಬಿಟ್ಟು ಬರೆಯುತ್ತಿದ್ದೇನೆ, ನಾಚಿಕೆಯಾಯಿತು.)

ಬ್ರೇಕ್ ಆಯಿಲ್. ಒಂದು ಸ್ಪೇರ್ ಅಂಗಡಿಯಲ್ಲಿ ಕೇಳಿದ್ದೆ. "ಇದೂ ಹೈಡ್ರಾಲಿಕ್ ತಾನೆ, ಧೈರ್ಯವಾಗಿ ಹಾಕಿ" ಅಂದರು. ನನಗೂ ಸರಿ ಅನ್ನಿಸಿತು.

ಮಲ್ಪೆ ಮೆಕ್ಯಾನಿಕ್

ಅಯ್ಯೋ ಮಾರಾಯ್ರೆ! ಇದನ್ನು ಮೊದಲೇ ಹೇಳುವುದಲ್ವಾ!

ನಾಚಿಕೆ ಎಂತಕ್ಕೆ, ನೀವು ಮೊದಲನೆಯವರಲ್ಲ. ಟ್ಯಾಂಕಿನಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಡಿ. ಏನು ಕಾಣುತ್ತದೆ ಹೇಳಿ.

ಶರಾವತಿ ದೋಣಿ

ಎರಡು ಪದರ ಆಗಿದೆ. ಮೇಲೆ ಕೆಂಪು, ಕೆಳಗೆ ಮಾಸಲು ಹಳದಿ. ನಡುವೆ ತೆಳುವಾಗಿ ಕೊಳೆಯ ಗೆರೆ. ಕೆಳಗಿನದನ್ನು ಒಂದು ಹನಿ ನೀರಿಗೆ ಬಿಟ್ಟೆ, ಕರಗಿಯೇ ಹೋಯಿತು. ಮೇಲಿನದು ನೀರಿನ ಮೇಲೆ ತೇಲಿತು.

ಹುಬ್ಬಳ್ಳಿ ಹೈಡ್ರಾಲಿಕ್

ಕರಗಿದ್ದೇ ಬ್ರೇಕ್ ಆಯಿಲ್. ಹೆಸರಿಗೆ ಆಯಿಲ್ ಅಷ್ಟೆ, ಡಾಟ್ 3, ಡಾಟ್ 4 ಎಲ್ಲ ಗ್ಲೈಕಾಲ್ ಜಾತಿ. ನೀರಿನ ಜೊತೆ ಸೇರುತ್ತದೆ, ಎಣ್ಣೆ ಜೊತೆ ಸೇರುವುದಿಲ್ಲ. ಎಣ್ಣೆಗಿಂತ ಭಾರ, ಅದಕ್ಕೇ ಕೆಳಗೆ ಕೂತಿದೆ. ಹೈಡ್ರಾಲಿಕ್ ಆಯಿಲ್‌ಗೆ ಹಾಕುವ ಓ-ರಿಂಗ್ ನೈಟ್ರೈಲ್ ರಬ್ಬರ್. ಬ್ರೇಕ್ ಆಯಿಲ್ ಕುಡಿದರೆ ಅದು ಊದಿ ಮೆತ್ತಗಾಗುತ್ತದೆ. ಬ್ರೇಕ್ ಕಿಟ್ಟಿನಲ್ಲಿ ಬರುವ ರಬ್ಬರ್ ಬೇರೆ, ಇಪಿಡಿಎಂ. ಅದಕ್ಕೆ ಎಣ್ಣೆ ತಾಗಿದರೆ ಅದು ಊದುತ್ತದೆ. ಒಂದರ ಮನೆಯ ಊಟ ಇನ್ನೊಂದಕ್ಕೆ ವಿಷ.

ಹೀಗಾಗಿ ಆ ಒಂದು ರಿಂಗ್ ಬದಲಿಸಿದರೆ ಸಾಲದ್ರಿ. ಒಳಗಿನ ರಬ್ಬರ್ ಎಲ್ಲ ಅದೇ ಆಯಿಲ್ ಕುಡಿದಿದೆ. ಪೂರ್ತಿ ಬಿಚ್ಚಿ, ಎಲ್ಲ ಬದಲಿಸಿ. ಊದಿದ ರಿಂಗ್ ಅಳೆದು ಅಂಗಡಿಗೆ ಹೋಗಬೇಡ್ರಿ, ಅದು ಕೂರುವ ತೋಡಿನ ಅಳತೆ ತಗೊಳ್ರಿ, ಇಲ್ಲ ಕಂಪನಿ ಸೀಲ್ ಕಿಟ್ ತರಿಸಿ. 1.9 ಬೇಕಾದಲ್ಲಿ 1.78 ಹಾಕಿದರೆ ಕಣ್ಣಿಗೆ ಒಂದೇ ಕಾಣುತ್ತದೆ, ಒತ್ತಡ ಬಂದಾಗ ಬಿಡುತ್ತದೆ. ರಿಂಗ್ ಪಕ್ಕ ಬಿಳಿ ಟೆಫ್ಲಾನ್ ಬಳೆ ಇದ್ದರೆ ಯಾವ ಕಡೆ ಇತ್ತು ಅಂತ ಫೋಟೋ ತೆಗೆದಿಟ್ಟುಕೊಳ್ರಿ.

ಗಂಗೊಳ್ಳಿ ನಾಡದೋಣಿ

ತಮಾಷೆ ಬಿಟ್ಟು ಹೇಳ್ತೇನೆ. ಇಂಜಿನ್ ಇಳಿಸಲು ಚೈನ್ ಬ್ಲಾಕ್ ಬೇಕಾದರೆ ನನ್ನ ಹತ್ತಿರ ಒಂದು ಟನ್ನಿಂದು ಇದೆ. ವಾರಕ್ಕೊಮ್ಮೆ ಹೊನ್ನಾವರಕ್ಕೆ ಬರುತ್ತೇನೆ, ತರುವೆ.

ಮಲ್ಪೆ ಮೆಕ್ಯಾನಿಕ್

ತಗೊಳ್ಳಿ ತಗೊಳ್ಳಿ. ಟಿಲ್ಟ್ ಯುನಿಟ್ ಹೊರಗೆ ಬಂದ ಮೇಲೆ ಇಂಜಿನ್ ಹಿಡಿಯುವವರು ಯಾರೂ ಇಲ್ಲ. ಬೋಟ್ ದಡಕ್ಕೆ ಎಳೆದು, ಇಂಜಿನ್ ಚೈನಿಗೆ ತೂಗಿ, ಆಮೇಲೆ ಪಿನ್ ಹೊಡೆಯಿರಿ. ಮೇಲಿನ ಪಿನ್ ಸಾಮಾನ್ಯವಾಗಿ ಉಪ್ಪಿಗೆ ಕಚ್ಚಿಕೊಂಡಿರುತ್ತದೆ. ಅವಸರ ಬೇಡ.

ಕಷ್ಟ ಇರುವುದು ರ‍್ಯಾಮ್ ಬಾಯಿಯ ಮುಚ್ಚಳದಲ್ಲಿ. ಎರಡು ಸಣ್ಣ ತೂತು ಇರುತ್ತವೆ, ಅದಕ್ಕೆ ಎರಡು ಪಿನ್ನಿನ ಸ್ಪ್ಯಾನರ್ ಬೇಕು. ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವವರನ್ನು ನೋಡಿದ್ದೇನೆ. ತೂತು ಅಗಲ ಆಗಿ, ಕೊನೆಗೆ ಇಡೀ ಸಿಲಿಂಡರ್ ಗುಜರಿಗೆ. ಲೇಥ್‌ನವರ ಹತ್ತಿರ ಹೋಗಿ. ದಪ್ಪ ಪಟ್ಟಿಗೆ ನಿಮ್ಮ ತೂತಿನ ಅಂತರಕ್ಕೆ ಸರಿಯಾಗಿ ಎರಡು ರಂಧ್ರ ಹಾಕಿಸಿ, ಹಳೇ ಡ್ರಿಲ್ ಬಿಟ್‌ನ ಹಿಂದಿನ ತುಂಡು ಕೂರಿಸಿ. ಸಾದಾ ಮೊಳೆ ಹಾಕಿದರೆ ಬಾಗುತ್ತದೆ. ಮುಚ್ಚಳದ ಸುತ್ತ ಹೀಟ್ ಗನ್‌ನಲ್ಲಿ ಬಿಸಿ ಮಾಡಿ, ಸಣ್ಣಗೆ ತಟ್ಟಿ, ಮತ್ತೆ ಬಿಸಿ ಮಾಡಿ. ಗ್ಯಾಸ್ ಬೆಂಕಿ ಹಿಡಿಯಬೇಡಿ, ಒಳಗೆ ಆಯಿಲ್ ಇದೆ. ಮತ್ತೆ, ಮುಚ್ಚಳ ಬಿಡಿಸುವ ಮೊದಲು ಒಳಗಿನ ಒತ್ತಡ ಪೂರ್ತಿ ಬಿಟ್ಟಿರಬೇಕು.

ಕಾಳಿ ನದಿ

ಶಾರ್ಜಾ ಅಣ್ಣ, ಹಸಿರಿನಲ್ಲೂ 12 ಬಂತು! ಡೌನ್ ರಿಲೇ ಎಳೆದು ನೋಡಿದರೆ ಸಾಕೆಟ್ಟಿನ ಒಂದು ಕಾಲು ಪೂರ್ತಿ ಹಸಿರು ಪುಡಿ. ಉಜ್ಜಲು ಹೋದರೆ ಮುರಿದು ಕೈಗೇ ಬಂತು. ಹೊಸ ಟರ್ಮಿನಲ್ ಹಾಕಿ, ಶ್ರಿಂಕ್ ಟ್ಯೂಬ್ ಏರಿಸಿದೆ. ಅಪ್, ಡೌನ್ ಎರಡೂ ಕೆಲಸ ಮಾಡುತ್ತಿವೆ. ಹೊಸ ಅಪ್ ರಿಲೇಗೆ ಕೊಟ್ಟ ದುಡ್ಡು ದಂಡ.

ಭಟ್ಕಳ ಟು ಶಾರ್ಜಾ

ದಂಡ ಅಲ್ಲ, ಹಳೆಯದನ್ನು ಬೋಟಲ್ಲಿ ಸ್ಪೇರ್ ಇಟ್ಟುಕೊಳ್ಳಿ. ಅದು ಕೆಟ್ಟಿರಲಿಲ್ಲ ಅಲ್ವಾ.

ಶರಾವತಿ ದೋಣಿ

ಹತ್ತು ದಿನ ಆಯಿತು, ಎಲ್ಲ ಬರೆಯುತ್ತೇನೆ.

ಗಂಗೊಳ್ಳಿಯವರು ಚೈನ್ ಬ್ಲಾಕ್ ತಂದರು, ಅವರೇ ನಿಂತು ಇಂಜಿನ್ ತೂಗಿದರು. ಮೇಲಿನ ಪಿನ್‌ಗೆ ಅರ್ಧ ದಿನ. ಮುಚ್ಚಳ ಮೂರನೇ ಬಿಸಿಗೆ ಟಕ್ ಅಂತ ಬಿಟ್ಟಿತು. ಆ ಸದ್ದಿಗೆ ಮುರಿದೇ ಹೋಯಿತು ಅಂದುಕೊಂಡು ಎದೆ ಧಸಕ್ ಅಂದಿತ್ತು.

ಪಿಸ್ಟನ್ ರಿಂಗ್ ಊದಿ ಸಿಲಿಂಡರ್ ಗೋಡೆಗೆ ಅಂಟಿಕೊಂಡಿತ್ತು. ನಿಧಾನ ಮೇಲೆ ಬರುತ್ತಿದ್ದುದಕ್ಕೆ ಅದೇ ಕಾರಣ ಇರಬೇಕು. ಪಿಸ್ಟನ್‌ನಲ್ಲಿ ಸಣ್ಣ ಗುಂಡು, ಸ್ಪ್ರಿಂಗ್ ಇವೆ. ಗೊತ್ತಿಲ್ಲದೆ ಉಲ್ಟಾ ಮಾಡಿದೆ, ಒಂದು ಗುಂಡು ಮರಳಿಗೆ ಹಾರಿತು. ಮಗನ ಆಟಿಕೆಯ ಅಯಸ್ಕಾಂತ ಹಿಡಿದು ಒಂದು ಗಂಟೆ ಹುಡುಕಿ ಸಿಕ್ಕಿತು. ಬಿಚ್ಚುವವರು ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ.

ಚೆಕ್ ವಾಲ್ವ್ ಸೀಟಿನಲ್ಲಿ ರಬ್ಬರಿನ ಕಪ್ಪು ಚೂರು ಸಿಕ್ಕಿಕೊಂಡಿತ್ತು. ಸಾಸಿವೆಗಿಂತ ಸಣ್ಣದು. ಹುಬ್ಬಳ್ಳಿಯವರು ಹೇಳಿದ "ದಾರಿ ಬಿಡುವ ವಾಲ್ವ್" ಇದೇ ಅನ್ನಿಸುತ್ತದೆ. ಎಲ್ಲವನ್ನೂ ಟಿಲ್ಟ್‌ಗೆ ಹಾಕುವ ಕೆಂಪು ಆಯಿಲ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಹೊಸ ಎಟಿಎಫ್‌ನಲ್ಲಿ ಎರಡು ಸಲ ತೊಳೆದೆ. ಬಟ್ಟೆಯಲ್ಲಿ ಒರೆಸಲಿಲ್ಲ, ನೂಲು ಉಳಿಯುತ್ತದೆ ಅಂತ ಗಾಳಿ ಹೊಡೆಸಿದೆ. ಸೀಲ್ ಕಿಟ್ ಪೂರ್ತಿ ಹಾಕಿದೆ.

ರಾಡಿನ ಮೇಲೆ ಉಪ್ಪು ತಿಂದ ಎರಡು ಚುಕ್ಕಿ ಇವೆ. ಉಗುರು ಎಳೆದರೆ ಸ್ವಲ್ಪ ತಾಗುತ್ತದೆ. ಏನು ಮಾಡಲಿ?

ಮಲ್ಪೆ ಮೆಕ್ಯಾನಿಕ್

2000 ನಂಬರ್ ಎಮರಿ ಪೇಪರ್‌ಗೆ ಎಟಿಎಫ್ ಹಚ್ಚಿ ಚುಕ್ಕಿಯ ಅಂಚು ಮಾತ್ರ ಸವರಿ. ಹರಿತ ಹೋದರೆ ಸಾಕು. ತೂತು ಆಳ ಇದ್ದರೆ ಹೊಸ ಸೀಲನ್ನು ಅದು ಗೀರಿಯೇ ಗೀರುತ್ತದೆ, ಆಗ ರಾಡ್ ಬದಲಿಸಬೇಕು.

ಆಯಿಲ್ ತುಂಬುವಾಗ ಮ್ಯಾನುಯಲ್ ವಾಲ್ವ್ ಬಿಗಿ ಇರಲಿ. ಇಂಜಿನ್ ಮೇಲೆ, ಮರದ ಆಸರೆ, ಟ್ಯಾಂಕ್ ತುಂಬಿ, ಬಿರಡೆ ಹಾಕಿ. ಆಸರೆ ತೆಗೆದು ಪೂರ್ತಿ ಕೆಳಗೆ, ಪೂರ್ತಿ ಮೇಲೆ. ಕೆಲ ನಿಮಿಷ ಬಿಡಿ, ನೊರೆ ಇಳಿಯಲಿ. ಮತ್ತೆ ಲೆವೆಲ್ ನೋಡಿ. ಹೀಗೆ ನಾಲ್ಕೈದು ಸಲ. ಮೋಟಾರ್ ಒಂದೇ ಸಮ ಓಡಿಸಬೇಡಿ, ಬಿಸಿಯಾಗುತ್ತದೆ. ಕೊನೆಗೆ ಹೋದಾಗ ಸದ್ದು ಬದಲಾಗುತ್ತದೆ, ಅದಕ್ಕೆ ಹೆದರಬೇಡಿ. ಒತ್ತಡ ಜಾಸ್ತಿಯಾದಾಗ ರಿಲೀಫ್ ವಾಲ್ವ್ ತೆರೆದ ಸದ್ದು ಅದು.

ಹಾಗೆಯೇ ಬ್ರ್ಯಾಕೆಟ್ ಕೆಳಗಿನ ಆನೋಡ್ (ಇಂಜಿನ್ ಬದಲು ತಾನು ಕರಗಿ ಅದನ್ನು ಉಳಿಸುವ ಲೋಹದ ತುಂಡು) ನೋಡಿ. ಅರ್ಧಕ್ಕಿಂತ ಜಾಸ್ತಿ ಕರಗಿದ್ದರೆ ಬದಲಿಸಿ. ನೀವು ಅಳಿವೆಯಲ್ಲೂ ಓಡಿಸುತ್ತೀರಿ, ಒಳಗೆ ಸಿಹಿ ನೀರಿಗೂ ಹೋಗುತ್ತೀರಿ. ಸತುವಿಗಿಂತ ಅಲ್ಯೂಮಿನಿಯಂ ಆನೋಡ್ ಒಳ್ಳೆಯದು. ಚಂದ ಕಾಣಲಿ ಅಂತ ಅದಕ್ಕೆ ಪೇಂಟ್ ಹೊಡೆದವರೂ ಇದ್ದಾರೆ. ಪೇಂಟ್ ಹೊಡೆದರೆ ಅದು ಕೆಲಸವೇ ಮಾಡುವುದಿಲ್ಲ.

ಶರಾವತಿ ದೋಣಿ

ಆನೋಡ್ ಅಡಿಕೆ ಚೂರಿನಷ್ಟು ಉಳಿದಿತ್ತು. ಬದಲಿಸಿದೆ.

ಈಗ 13 ಸೆಕೆಂಡಿಗೆ ಮೇಲೆ. ನಿನ್ನೆ ರಾತ್ರಿ ಎತ್ತಿಟ್ಟು, ರಾಡ್ ಸಿಲಿಂಡರಿಗೆ ಹೋಗುವ ಜಾಗದಲ್ಲಿ ಮಾರ್ಕರ್ ಗೆರೆ ಎಳೆದೆ. ಬೆಳಗ್ಗೆ ಐದೂವರೆಗೇ ಟಾರ್ಚ್ ಹಿಡಿದು ಓಡಿದೆ. ಗೆರೆ 2 ಮಿ.ಮೀ. ಇಳಿದಿತ್ತು. ಮತ್ತೆ ಶುರುವಾಯಿತಾ ಅಂತ ಭಯ.

ಭಟ್ಕಳ ಟು ಶಾರ್ಜಾ

ಸಂಜೆ ಆಯಿಲ್ ಬಿಸಿ ಇತ್ತು, ರಾತ್ರಿ ತಣಿದು ಕುಗ್ಗಿದೆ. ಸ್ವಲ್ಪ ಗಾಳಿಯೂ ಉಳಿದಿರಬಹುದು. ಇನ್ನು ನಾಲ್ಕು ರಾತ್ರಿ ನೋಡಿ. 2 ಇದ್ದದ್ದು 20 ಆದರೆ ಬರೆಯಿರಿ.

ಶರಾವತಿ ದೋಣಿ

ಐದನೇ ರಾತ್ರಿ ಮುಗಿಯಿತು. 1 ಮಿ.ಮೀ. ದಾಟಿಲ್ಲ. ಬಾಗಿದ ಲಾಕ್ ಲಿವರ್ ಕೂಡ ಬದಲಿಸಿದೆ.

ಗಂಗೊಳ್ಳಿ ನಾಡದೋಣಿ

ಆ ಎರಡು ಬಣ್ಣದ ಬಾಟಲಿ ಅಂಗಡಿಯವರಿಗೆ ತೋರಿಸಿದಿರಾ?

ಶರಾವತಿ ದೋಣಿ

ತೋರಿಸಿದೆ. ಮೊದಲು ಒಪ್ಪಲಿಲ್ಲ. ನೀರಿನ ಲೋಟ ತರಿಸಿ ಒಂದೊಂದು ಹನಿ ಬಿಟ್ಟು ತೋರಿಸಿದ ಮೇಲೆ ಸುಮ್ಮನಾದರು. ಈಗ ಬಾಟಲಿ ಅವರ ಗಲ್ಲಾಪೆಟ್ಟಿಗೆ ಮೇಲೇ ಇದೆ. ಎಟಿಎಫ್ ಒಂದು ಲೀಟರ್ ಅಲ್ಲೇ ತಗೊಂಡೆ, ಹತ್ತು ರೂಪಾಯಿ ಕಮ್ಮಿ ಮಾಡಿದರು.